ಕಾಗದದಲ್ಲಿ 303, ನಳಿಗೆಯಲ್ಲಿ 315: ಕೊಡಗಿನ ಒಂದು ಹಳೆಯ ರೈಫಲ್‌ನ ಪ್ರಕರಣ ಅಧ್ಯಯನ

ದಕ್ಷಿಣ ಕೊಡಗಿನ ಒಂದು ಐನ್‌ಮನೆಗೆ, ಅಂದರೆ ಮನೆತನದ ಮೂಲ ಮನೆಗೆ, ಸೇರಿದ ರೈಫಲ್ ಇದು. ಮನೆತನದ ಹೆಸರು ಇಲ್ಲಿ ಬೇಡ. ಕೋವಿ ದುರಸ್ತಿಯ ಪರವಾನಗಿ ಇರುವ ಆಚಾರ್ರೊಬ್ಬರ ಬಳಿಗೆ ಅದು ಬಂದಾಗ ಮನೆಯವರ ಬೇಡಿಕೆ ಎಂದಿನದ್ದೇ ಆಗಿತ್ತು: ತುಕ್ಕು ತೆಗೆಯಬೇಕು, ಮರಕ್ಕೆ ಪಾಲಿಶ್ ಹೊಡೆಯಬೇಕು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ಹೊತ್ತಿಗೆ ಹೊಸದರ ಹಾಗೆ ಕಾಣಬೇಕು. ಹಳೆಯ ಕೋವಿಗಳ ಮುದ್ರೆ, ನಂಬರ್, ಅಳತೆಗಳನ್ನು ದಾಖಲಿಸುವ ಕೆಲಸದಲ್ಲಿ ನಾನು ಆಚಾರ್ರ ಜೊತೆಗಿರುತ್ತೇನೆ. ಈ ಪ್ರಕರಣದಲ್ಲಿ ದುರಸ್ತಿಗಿಂತ ಗುರುತು ಹಿಡಿಯುವ ಕೆಲಸವೇ ದೊಡ್ಡದಾಯಿತು. ಹಳೆಯ ಆಯುಧದ ವಿಷಯದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ. ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ರೈಫಲ್ ತಂದವರು ಇಬ್ಬರು. ಒಕ್ಕದ, ಅಂದರೆ ಮನೆತನದ, ಹಿರಿಯರು ಮತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ತಮ್ಮನ ಮಗ. ಹುಡುಗನ ಕೈಯಲ್ಲಿ ಕೋವಿಯ ಹಳೆಯ ಕಾಗದದ ಜೆರಾಕ್ಸ್ ಇತ್ತು. ಬೋರ್ (ನಳಿಗೆಯ ಒಳ ಅಳತೆ) ಎಂಬ ಕಲಮಿನಲ್ಲಿ ಶಾಯಿಯಿಂದ ‘303’ ಎಂದು ಬರೆದಿತ್ತು.

“ಚಿಕ್ಕಂದಿನಿಂದ ತ್ರೀ ನಾಟ್ ತ್ರೀ ಅಂತಲೇ ಕೇಳಿದ್ದು ನಾನು,” ಎಂದರು ಹಿರಿಯರು. “ನಮ್ಮ ಅಜ್ಜ ಪಲ್ಟನ್‌ನಲ್ಲಿದ್ದರು. ಮೊದಲನೇ ಮಹಾಯುದ್ಧ ಮುಗಿಸಿ ಬರುವಾಗ ತಂದದ್ದಂತೆ.”

ಈ ಮೂರು ಅಂಕಿ ಅವರ ಮನೆಗೆ ಎಂಥ ತೊಂದರೆ ತರಬಹುದು ಎಂಬುದು ಹುಡುಗನಿಗೆ ಗೊತ್ತಿತ್ತು, ಹಿರಿಯರಿಗೆ ಗೊತ್ತಿರಲಿಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ಎಲ್ಲರಿಗೂ ತಿಳಿದದ್ದೇ. ಬ್ರಿಟಿಷರ ಆಳ್ವಿಕೆಯಲ್ಲಿ 1861ರಲ್ಲಿ ಶುರುವಾದ ಈ ಪದ್ಧತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ 10 ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪರವಾನಗಿ ಕೇಳುವ 3 ಮತ್ತು 4ನೇ ಸೆಕ್ಷನ್‌ಗಳಿಂದ ಮಾತ್ರ, ನಿಷೇಧಿತ ಆಯುಧಗಳಿಗೆ ಅದು ಅನ್ವಯಿಸುವುದಿಲ್ಲ. 303 ಬೋರಿನ ಬೋಲ್ಟ್ ಆಕ್ಷನ್ ರೈಫಲ್, ಸೇನೆಯ 303 ತೋಟೆಯನ್ನು ತುಂಬಿ ಹಾರಿಸಬಹುದಾದ ಬೇರೆ ಯಾವುದೇ ರೈಫಲ್ ನಿಷೇಧಿತ ಬೋರಿನ ಸಾಲಿಗೆ ಸೇರುತ್ತವೆ. ಕಾಗದ ಹೇಳುವುದು ನಿಜವಾದರೆ ಮನೆಯ ಗೋಡೆಯ ಮೇಲೆ ಇಷ್ಟು ಕಾಲ ತೂಗಿದ್ದು ಅಲ್ಲಿರಬಾರದ ವಸ್ತು.

ಹುಡುಗನಿಗೆ ಯಾರೋ ಸಲಹೆ ಕೊಟ್ಟಿದ್ದರು: ಬಫ್ (ಉಜ್ಜುವ ಚಕ್ರ) ಹಾಕಿಸಿ ಎಲ್ಲ ಅಕ್ಷರ ಒರೆಸಿಬಿಡು, ಹೊಸ ಬ್ಲೂಯಿಂಗ್ (ಉಕ್ಕಿಗೆ ಕಪ್ಪುನೀಲಿ ಬಣ್ಣ) ಮಾಡಿಸು, ಆಮೇಲೆ ಯಾರು ಕೇಳುತ್ತಾರೆ? ಅದನ್ನು ಅವನು ಹಾಗೆಯೇ ಆಚಾರ್ರ ಮುಂದೆ ಇಟ್ಟ.

“ಬಫ್ ಹಾಕಿದ್ರೆ ನಂಬರೂ ಹೋಗ್ತದೆ,” ಎಂದರು ಆಚಾರ್ರು. “ನಂಬರ್ ಹೋದ ಕೋವಿ ನಿಮ್ಮದೇ ಅಂತ ತೋರಿಸೋದು ಹೇಗೆ? ಮೊದಲು ಇದು ಏನು ಅಂತ ನೋಡುವ. ಅಲ್ಲಿವರೆಗೆ ನಾನು ಇದಕ್ಕೆ ಉಪ್ಪುಕಾಗದ ಮುಟ್ಟಿಸೋದಿಲ್ಲ.”

ಅವರ ಮಾತು ಕಾನೂನಿನ ಮಾತೂ ಹೌದು. ಆಯುಧದ ಮೇಲಿರುವ ಹೆಸರು, ನಂಬರ್ ಅಥವಾ ಗುರುತಿನ ಮುದ್ರೆಯನ್ನು ಅಳಿಸುವುದು, ತಿದ್ದುವುದು ಅದೇ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅಪರಾಧ. ಪರವಾನಗಿ ಇಲ್ಲದವರು ದುರಸ್ತಿಗೆ ಕೈಹಾಕುವುದನ್ನು 5ನೇ ಸೆಕ್ಷನ್ ತಡೆಯುತ್ತದೆ. ಮೋಹದಿಂದ ಹಳೆಯ ಕೋವಿಯನ್ನು ಬೆಳಗಲು ಹೋಗುವವರು ಇವೆರಡನ್ನೂ ತಿಳಿದಿರಬೇಕು. ಬಫ್ ಚಕ್ರಕ್ಕೆ ಸಿಕ್ಕಿ ಮುದ್ರೆ ಕಳೆದುಕೊಂಡ ಒಳ್ಳೊಳ್ಳೆಯ ರೈಫಲ್‌ಗಳನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ. ತುಕ್ಕು ಕೂಡ ಅಷ್ಟು ಹಾಳು ಮಾಡಿರುವುದಿಲ್ಲ.

ಕಣ್ಣಿಗೆ ಕಂಡದ್ದು

ನಳಿಗೆಯ ಹಿಂಬಾಯಿಯನ್ನು ಮುಚ್ಚಿ ತೆರೆಯುವ ಸರಿಯುವ ಉಕ್ಕಿನ ತುಂಡೇ ಬೋಲ್ಟ್. ಇದು ಲೀ ಮಾದರಿಯ ಬೋಲ್ಟ್ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೌಸರ್ ಮಾದರಿಯ ಬೇಟೆ ರೈಫಲ್‌ನಲ್ಲಿ ಹಿಂದಿನಿಂದ ಮುಂದಿನವರೆಗೆ ಮರ ಒಂದೇ ತುಂಡು. ಬೋಲ್ಟ್ ಬಿಗಿಯುವ ಕಿವಿಗಳು ಮುಂತುದಿಯಲ್ಲಿರುತ್ತವೆ. ಇದರಲ್ಲಿ ಮರ ಎರಡು ತುಂಡು, ನಡುವೆ ಉಕ್ಕಿನ ಸಾಕೆಟ್. ಬೋಲ್ಟಿನ ಕಿವಿಗಳು ಹಿಂಭಾಗದಲ್ಲಿದ್ದವು, ಬೋಲ್ಟ್ ತಲೆ ಬೇರೆ ತುಂಡಾಗಿ ತಿರುಪಿನಿಂದ ಕೂತಿತ್ತು. ಬೋಲ್ಟನ್ನು ಮುಂದಕ್ಕೆ ದೂಡುವಾಗ ಕೊನೆಯಲ್ಲಿ ಕೈಗೆ ಸ್ಪ್ರಿಂಗಿನ ಬಿಗಿ ತಿಳಿಯುತ್ತಿತ್ತು, ಅಂದರೆ ಮುಚ್ಚುವಾಗ ಕುದುರೆ (ತೋಟೆಗೆ ಬಡಿಯುವ ಭಾಗ) ಏರುವ ಬಗೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಈ ಬೋಲ್ಟನ್ನು ಬ್ರಿಟಿಷ್ ಸೇನೆ 1888ರಲ್ಲಿ ಲೀ-ಮೆಟ್‌ಫೋರ್ಡ್ ಆಗಿಯೂ 1895ರಲ್ಲಿ ಲೀ-ಎನ್‌ಫೀಲ್ಡ್ ಆಗಿಯೂ ಒಪ್ಪಿಕೊಂಡಿತು. ಅದೇ ಬೋಲ್ಟಿನ ಮೇಲೆ ಬರ್ಮಿಂಗ್‌ಹ್ಯಾಮಿನ ಕೋವಿ ಕಂಪನಿ ಬಿಎಸ್‌ಎ ಬೇಟೆಗಾರರಿಗಾಗಿ ನಾಗರಿಕ ರೈಫಲ್‌ಗಳನ್ನೂ ಮಾಡಿ ಮಾರುತ್ತಿತ್ತು.

ಆದ್ದರಿಂದ ಉಳಿದದ್ದು ಎರಡೇ ಸಾಧ್ಯತೆ. ಸೇನೆಯ ರೈಫಲನ್ನೇ ಯಾರೋ ಮರ ಕತ್ತರಿಸಿ ಬೇಟೆಯ ರೂಪಕ್ಕೆ ತಂದಿರಬೇಕು, ಇಲ್ಲವೇ ಇದು ಹುಟ್ಟಿನಿಂದಲೇ ಬೇಟೆಯ ರೈಫಲ್ ಆಗಿರಬೇಕು. ಹೊರನೋಟ ಎರಡನೆಯದರ ಕಡೆಗಿತ್ತು. ನಳಿಗೆಯ ಅರ್ಧಕ್ಕೇ ನಿಲ್ಲುವ ಮುಂದಿನ ಮರ, ಹಿಡಿಯ ಮೇಲೆ ಸೂಕ್ಷ್ಮ ಚೌಕಳಿ ಕೆತ್ತನೆ, ಮಡಚುವ ಎಲೆಗಳ ಗುರಿ, ಹೊರಗೆ ಚಾಚದ ಐದು ತೋಟೆಯ ಮ್ಯಾಗಜಿನ್. ಆದರೆ ಮರವನ್ನು ಯಾರು ಬೇಕಾದರೂ ಬದಲಿಸಬಹುದು, ಮರ ಸಾಕ್ಷಿಯಾಗುವುದಿಲ್ಲ.

ಮುದ್ರೆಗಳು

ಮುಂದಿನ ಮರ ಬಿಚ್ಚಿದ ಮೇಲೆ ನಳಿಗೆಯ ಬುಡದಲ್ಲಿ ಎಣ್ಣೆ, ಹೊಗೆ, ವಾರ್ನಿಷ್ ಎಲ್ಲ ಸೇರಿ ಕಪ್ಪು ಅಂಟಾಗಿ ಕೂತದ್ದು ಕಂಡಿತು. ತಂತಿ ಬ್ರಷ್ ಮುಟ್ಟಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ಸುತ್ತಿಟ್ಟು ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಚೂಪು ಮಾಡಿದ ಬಿದಿರುಕಡ್ಡಿಯಿಂದ ಅಂಟನ್ನು ಎಬ್ಬಿಸಿದೆವು. ಬಿದಿರು ಉಕ್ಕಿಗೆ ಗೀರು ಹಾಕುವುದಿಲ್ಲ. ಆಮೇಲೆ ಅಂಗಡಿಯ ದೀಪ ಆರಿಸಿ ಟಾರ್ಚನ್ನು ನಳಿಗೆಗೆ ಸಮನಾಗಿ ಮಲಗಿಸಿ ಹಿಡಿದಾಗ, ನೇರ ಬೆಳಕಿನಲ್ಲಿ ಕಾಣದ ಮುದ್ರೆಗಳು ಒಂದೊಂದಾಗಿ ನೆರಳಿನಿಂದ ಎದ್ದುಬಂದವು. ಫೋಟೋ ತೆಗೆದದ್ದೂ ಅದೇ ಓರೆ ಬೆಳಕಿನಲ್ಲಿ.

ಮೊದಲು ಕಂಡದ್ದು ಮೂರು ರೈಫಲ್‌ಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ, ಬಿಎಸ್‌ಎ ಕಂಪನಿಯ ಗುರುತು. ಅದರ ಪಕ್ಕದಲ್ಲಿ ಕಿರೀಟದ ಕೆಳಗೆ ಬಿವಿ, ಕಿರೀಟದ ಕೆಳಗೆ ಬಿಪಿ, ಕಿರೀಟದ ಕೆಳಗೆ ಎನ್‌ಪಿ. ಇವು 1813ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಮುದ್ರೆಗಳು. ಅತಿ ಒತ್ತಡದ ಮದ್ದು ತುಂಬಿ ಹಾರಿಸಿ, ನಳಿಗೆ ತಡೆದುಕೊಂಡರೆ ಮಾತ್ರ ಇವನ್ನು ಒತ್ತುತ್ತಿದ್ದರು. ಈ ಮೂರು ಒಟ್ಟಾಗಿ ಬರುವುದು 1904ರಿಂದ 1954ರ ನಡುವೆ ಪರೀಕ್ಷೆಯಾದ ನಳಿಗೆಗಳಲ್ಲಿ. ಇನ್ನೂ ಹತ್ತಿರದ ಕಾಲ ಹೇಳಿದ್ದು ಅಡ್ಡಡ್ಡ ಇಟ್ಟ ಎರಡು ಆಯುಧಗಳ ಪುಟ್ಟ ಚಿಹ್ನೆ, ಅದರ ಸಂದಿಯಲ್ಲಿದ್ದ ‘ಡಿ’ ಅಕ್ಷರ. ಪರೀಕ್ಷಾಲಯ 1921ರಿಂದ ವರ್ಷಕ್ಕೊಂದು ಅಕ್ಷರದಂತೆ ಈ ಸಂಕೇತ ಬಳಸತೊಡಗಿತು. ‘ಡಿ’ ಎಂದರೆ 1920ರ ದಶಕದ ನಡುಭಾಗ.

ಮೊದಲ ಮಹಾಯುದ್ಧ ಮುಗಿದದ್ದು 1918ರಲ್ಲಿ. ಅಜ್ಜ ಪಲ್ಟನ್‌ನಿಂದ ಹಿಂತಿರುಗುವಾಗ ಈ ನಳಿಗೆ ಇನ್ನೂ ಹುಟ್ಟಿಯೇ ಇರಲಿಲ್ಲ.

ಇರಬೇಕಾದದ್ದು ಇಲ್ಲದಿರುವುದೂ ಸಾಕ್ಷಿಯೇ. ಸೇನೆಯ ಲೀ-ಎನ್‌ಫೀಲ್ಡ್‌ನಲ್ಲಿ ಬಾಣದ ತುದಿಯಂಥ ಸರ್ಕಾರಿ ಮುದ್ರೆ ಹತ್ತಾರು ಕಡೆ ಇರುತ್ತದೆ. ಸಾಕೆಟ್‌ನ ಮೇಲೆ ರಾಜನ ಹೆಸರಿನ ಮೊದಲಕ್ಷರ, ಕಾರ್ಖಾನೆ, ವರ್ಷ ಇರುತ್ತವೆ. ಸೇನೆಯಿಂದ ಮಾರಾಟವಾಗಿ ಹೊರಬಂದಿದ್ದರೆ ಎರಡು ಬಾಣಗಳು ಎದುರುಬದುರಾಗಿ ಒತ್ತಿರುತ್ತವೆ. ಇಲ್ಲಿ ಸಾಕೆಟ್ ಬರಿದಾಗಿತ್ತು. ಉಜ್ಜಿ ತೆಗೆದ ಬರಿದಲ್ಲ, ಅದರ ಅಂಚುಗಳು ಕಾರ್ಖಾನೆಯಿಂದ ಬಂದ ಹಾಗೆ ಚೂಪಾಗಿಯೇ ಇದ್ದವು. ನಳಿಗೆ, ರಿಸೀವರ್, ಬೋಲ್ಟ್ ಹಿಡಿಯ ಬುಡ, ಮೂರೂ ಕಡೆ ಒಂದೇ ನಂಬರ್ ಇತ್ತು. ನಳಿಗೆಯ ಮೇಲ್ಮೈಯಲ್ಲಿ ಮಾರಿದ ಅಂಗಡಿಯ ಹೆಸರು ಹಿಂದೆ ಯಾವಾಗಲೋ ಉಜ್ಜಿಸಿಕೊಂಡು ಹೋಗಿ, ಕೊನೆಯಲ್ಲಿ ‘ಮದ್ರಾಸ್’ ಎಂಬುದು ಮಾತ್ರ ಉಳಿದಿತ್ತು.

ಬೋರಿನ ಅಂಕಿ ಇದ್ದ ಜಾಗದಲ್ಲಿಯೇ ತುಕ್ಕು ಹೊಂಡ ತೋಡಿತ್ತು. ಒಂದು ಚುಕ್ಕೆ, ಒಂದು 3, ಆಮೇಲೆ ಏನೂ ಇಲ್ಲ. ಹಿಂದೊಮ್ಮೆ ಕಾಗದ ತುಂಬಿದವರು ನೋಡಿದ್ದೂ ಇಷ್ಟನ್ನೇ ಇರಬೇಕು. ಲೀ ಬೋಲ್ಟ್ ಕಂಡು, 3 ಕಂಡು, ಊರಿನವರ ಬಾಯಲ್ಲಿ ತ್ರೀ ನಾಟ್ ತ್ರೀ ಕೇಳಿ, ಹಾಗೆಯೇ ಬರೆದುಕೊಂಡಂತೆ ತೋರುತ್ತದೆ.

ಅಳತೆ

ಇಲ್ಲಿ 315ರ ಬಗ್ಗೆ ಹೇಳಬೇಕು. ನಮ್ಮ ದೇಶದಲ್ಲಿ 315 ಎಂದು ಕರೆಯುವ ತೋಟೆ ಮೂಲತಃ ಆಸ್ಟ್ರಿಯಾದ ಸೇನೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟೆ. 303 ಸೇನೆಯ ಅಳತೆಯಾದ್ದರಿಂದ ಬ್ರಿಟಿಷ್ ಸರ್ಕಾರ ಅದು ಭಾರತದ ಜನರ ಕೈಗೆ ಸಿಗದಂತೆ ನೋಡಿಕೊಂಡಿತು. ಲೀ ಬೋಲ್ಟಿಗೆ ಒಗ್ಗುವ, ಸೇನೆಯ ಮದ್ದುಗುಂಡಿಗೆ ಹೊಂದದ ಬುಡದಲ್ಲಿ ಅಂಚಿರುವ ಇನ್ನೊಂದು ತೋಟೆ ಬೇಕಿತ್ತು, ಈ ಆಸ್ಟ್ರಿಯನ್ ತೋಟೆ ಆ ಜಾಗಕ್ಕೆ ಬಂತು. ಸ್ವಾತಂತ್ರ್ಯದ ನಂತರವೂ ಬಂಗಾಳದ ಇಚ್ಛಾಪುರದ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ಅದೇ 315 ಬೋರಿನಲ್ಲಿ ಲೀ ಮಾದರಿಯ ರೈಫಲ್ ಮಾಡುತ್ತ ಬಂದಿದೆ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವ ಎರಡು ರೈಫಲ್‌ಗಳಲ್ಲಿ ಒಂದು ನಿಷೇಧಿತವಾಗಿ, ಇನ್ನೊಂದು ಅನುಮತಿಯದ್ದಾಗಿ ಉಳಿದದ್ದು ಹೀಗೆ.

ಎರಡರ ವ್ಯತ್ಯಾಸ ಅಳತೆಗೆ ಸಿಗುತ್ತದೆ. 303ರ ಖಾಲಿ ತೋಟೆ ಸುಮಾರು 56 ಮಿ.ಮೀ. ಉದ್ದ, ಇದರದ್ದು 50. 303ರ ನಳಿಗೆಯೊಳಗೆ, ಗುಂಡು ಸುತ್ತಿಕೊಂಡು ಹೋಗುವಂತೆ ಕೊರೆದ ಗೀರಿನ ತಳದಿಂದ ತಳಕ್ಕೆ ಸುಮಾರು 7.9 ಮಿ.ಮೀ. ಇರುತ್ತದೆ, ಇದರಲ್ಲಿ ಸುಮಾರು 8.2. ತೋಟೆಯ ಬುಡವೂ 303ಕ್ಕಿಂತ ದಪ್ಪ. ಹಿರಿಯರು ಹಳೆಯ ತಗಡಿನ ಡಬ್ಬಿಯೊಂದರಲ್ಲಿ ಕಿಲುಬು ಹಿಡಿದ ಕೆಲವು ತೋಟೆಗಳನ್ನೂ ತಂದಿದ್ದರು. ಕೇಸು ಅಳೆದರೆ 50 ಮಿ.ಮೀ. ಇತ್ತು. ಹುಡುಗನ ಮುಖ ಆಗಲೇ ಅರಳಿತು. ಆದರೆ ಡಬ್ಬಿಯಲ್ಲಿರುವ ತೋಟೆ ಅದೇ ಕೋವಿಯದ್ದು ಎಂದು ಹೇಳುವವರು ಯಾರು? ಅದನ್ನು ನಳಿಗೆಗೆ ತುಂಬಿ ನೋಡುವ ಮಾತಂತೂ ಇಲ್ಲವೇ ಇಲ್ಲ. ಜೀವಂತ ತೋಟೆಯಿಂದ ಬೋರ್ ಪತ್ತೆ ಮಾಡಲು ಹೋಗುವುದು ಪ್ರಾಣಕ್ಕೆ ಅಪಾಯ.

ಆಚಾರ್ರು ಮಾಡಿದ್ದು ಎರಡು ಪರೀಕ್ಷೆ. ಮೊದಲನೆಯದು ಸೀಸದ ಗುಂಡಿನದು. ಮೆತ್ತನೆಯ ಅಪ್ಪಟ ಸೀಸವನ್ನು ನಳಿಗೆಗಿಂತ ತುಸು ದಪ್ಪಕ್ಕೆ ಎರಕ ಹೊಯ್ದು, ಎಣ್ಣೆ ಹಚ್ಚಿ, ಮರದ ಸುತ್ತಿಗೆಯಿಂದ ಒಳಗೆ ತಟ್ಟಿ, ಹಿತ್ತಾಳೆ ಸರಳಿನಿಂದ ಮೆಲ್ಲಗೆ ಇನ್ನೊಂದು ತುದಿಗೆ ದೂಡಿದರು. ಹೊರಬಂದ ಸೀಸದ ಮೈಮೇಲೆ ಐದು ಗೀರುಗಳ ಅಚ್ಚು ಎಡಕ್ಕೆ ತಿರುಗಿತ್ತು. ಇಲ್ಲೇ ಒಂದು ತೊಡಕು. ಗೀರುಗಳು ನಾಲ್ಕೋ ಆರೋ ಇದ್ದರೆ ಒಂದಕ್ಕೆ ನೇರ ಎದುರು ಇನ್ನೊಂದು ಬರುತ್ತದೆ, ಮೈಕ್ರೋಮೀಟರ್ ಇಟ್ಟರೆ ಅಳತೆ ಸಿಕ್ಕಿತು. ಐದಾದರೆ ಗೀರಿನ ಎದುರು ದಿಣ್ಣೆ ಬರುತ್ತದೆ, ನೇರ ಅಳೆದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. 315ರ ನಳಿಗೆಯನ್ನು 303 ಎಂದು ತಪ್ಪಾಗಿ ತೀರ್ಮಾನಿಸಲು ಅಷ್ಟು ಸಾಕು. ಆಚಾರ್ರು ತೆಳ್ಳನೆಯ ಉಕ್ಕಿನ ಹಾಳೆಯ ಪಟ್ಟಿಯೊಂದನ್ನು ಸೀಸದ ಸುತ್ತ ಬಿಗಿಯಾಗಿ ಸುತ್ತಿ, ಮೇಲಿನಿಂದ ಅಳೆದು, ಹಾಳೆಯ ದಪ್ಪದ ಎರಡರಷ್ಟನ್ನು ಕಳೆದರು. ಬಂದದ್ದು 8.19 ಮಿ.ಮೀ. ಬೇರೆ ಬೇರೆ ಕಡೆ ತಿರುಗಿಸಿ ಇಟ್ಟರೂ ಅಷ್ಟೇ.

ಎರಡನೆಯದು ತೋಟೆ ಕೂರುವ ಗೂಡಿನ ಅಚ್ಚು. ಇದಕ್ಕೆಂದೇ ಬೇಗ ಕರಗುವ ಬಿಸ್ಮತ್ ಮಿಶ್ರಲೋಹ ಹೊರದೇಶಗಳಲ್ಲಿ ಸಿಗುತ್ತದೆ. ಆಚಾರ್ರು ಬಳಸುವುದು ಹಳೆಯ ಕಾಲದ ಗಂಧಕ. ಗಂಧಕ ಸುಮಾರು 115 ಡಿಗ್ರಿಯಲ್ಲಿ ಕರಗಿ ನೀರಿನಂತೆ ತೆಳ್ಳಗಾಗುತ್ತದೆ. 160ರ ಆಸುಪಾಸಿಗೆ ಹೋದರೆ ಮತ್ತೆ ಗಟ್ಟಿಯಾಗಿ ಕಡುಕಂದು ಅಂಟಾಗುತ್ತದೆ, ಆಗ ಅಚ್ಚಿಗೆ ಬಾರದು. ಗೂಡಿನ ಮುಂದಕ್ಕೆ ನಳಿಗೆಯಲ್ಲಿ ಹತ್ತಿ ತುರುಕಿ, ಗೂಡಿಗೆ ತೆಳುವಾಗಿ ಎಣ್ಣೆ ಸವರಿ, ಬಯಲಿನಲ್ಲಿ ಗಾಳಿಗೆ ಬೆನ್ನು ಹಾಕಿ ನಿಂತು ಹೊಯ್ದರು. ಆರಿದ ಮೇಲೆ ಮುಂದಿನಿಂದ ಸರಳು ತಾಗಿಸಿದ ಕೂಡಲೇ ಹಳದಿ ಅಚ್ಚು ಅಂಗೈಗೆ ಬಿತ್ತು. ಬುಡದ ಅಂಚು, ಮೈಯ ಇಳಿಜಾರು, ಭುಜ, ಕುತ್ತಿಗೆ ಎಲ್ಲ ಸ್ಪಷ್ಟ. ಅಂಚಿನಿಂದ ಕುತ್ತಿಗೆಯ ತುದಿಗೆ 50 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. 303ರ ತೋಟೆ ಇದರೊಳಗೆ ಪೂರ್ತಿ ಇಳಿಯಲಾರದು, ಬೋಲ್ಟ್ ಮುಚ್ಚಲಾರದು. ಕಾನೂನು ಕೇಳುವ ಪ್ರಶ್ನೆಗೆ ಉತ್ತರ ಆ ಅಚ್ಚಿನಲ್ಲಿತ್ತು.

ಹಿರಿಯರು ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹಾಗಾದರೆ ಅಜ್ಜ ಇದನ್ನು ದುಡ್ಡು ಕೊಟ್ಟು ತಂದದ್ದು?” ಎಂದರು. ನಾಗರಿಕ ರೈಫಲ್, ಯುದ್ಧ ಮುಗಿದು ಕೆಲವು ವರ್ಷಗಳ ಮೇಲಿನ ನಳಿಗೆ, ಮದ್ರಾಸಿನ ಅಂಗಡಿ. ಅಷ್ಟನ್ನು ಖಚಿತವಾಗಿ ಹೇಳಬಹುದು. ಅಜ್ಜ ನೇರವಾಗಿ ಕೊಂಡರೋ, ಯಾವುದಾದರೂ ಕಾಫಿ ತೋಟದ ದೊರೆಯಿಂದ ಕೈಬದಲಾಯಿತೋ ಎಂಬುದನ್ನು ಉಕ್ಕು ಹೇಳುವುದಿಲ್ಲ.

ದುರಸ್ತಿ

ಗುರುತು ಮುಗಿದು ಎಲ್ಲ ಮುದ್ರೆಗಳ ಫೋಟೋ ತೆಗೆದ ಮೇಲೆಯೇ ಆಚಾರ್ರು ಕೆಲಸಕ್ಕೆ ಕೂತರು.

ನಳಿಗೆಯ ಒಳಗೆ ಹೊಂಡಗಳಿದ್ದವು, ಗೀರುಗಳು ಗಟ್ಟಿಯಾಗಿದ್ದವು. ಹೊಂಡಕ್ಕೆ ಕಾರಣ ಮಳೆಯೊಂದೇ ಅಲ್ಲ. ಹಳೆಯ ತೋಟೆಗಳಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿನಲ್ಲಿ ಪೊಟ್ಯಾಷಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟ ಮೇಲೆ ಉಳಿಯುವುದು ಉಪ್ಪಿನ ಜಾತಿಯ ಪದಾರ್ಥ, ಕೊಡಗಿನ ಜೂನ್ ತಿಂಗಳ ಗಾಳಿಯಿಂದ ಅದು ನೀರು ಹೀರುತ್ತಲೇ ಇರುತ್ತದೆ. ಎಣ್ಣೆ ಹಾಕಿದರೆ ಉಪ್ಪು ಕರಗುವುದಿಲ್ಲ, ನೀರೇ ಬೇಕು. ಕುದಿಯುವ ನೀರನ್ನು ಆಲಿಕೆಯಿಂದ ಹೊಯ್ದು, ಬಿಸಿಯಿರುವಾಗಲೇ ಒರೆಸಿ ಎಣ್ಣೆ ಹಾಕಿದರು. ಗಂಧಕದ ಚೂರೇನಾದರೂ ಉಳಿದಿದ್ದರೆ ಅದೂ ಇದರಲ್ಲೇ ತೊಳೆದುಹೋಯಿತು.

ಹೊರಮೈಯ ತುಕ್ಕಿಗೆ ಅವರು ಬಳಸಿದ್ದೂ ಕುದಿಯುವ ನೀರೇ. ಬೋಲ್ಟ್, ಮರ, ಗುರಿಯ ಎಲೆಗಳನ್ನೆಲ್ಲ ಬಿಚ್ಚಿಟ್ಟು, ಉದ್ದನೆಯ ತಗಡಿನ ದೋಣಿಯಲ್ಲಿ ನಳಿಗೆಯನ್ನು ಮುಳುಗಿಸಿ ಕುದಿಸಿದರು. ಕುದಿತದಲ್ಲಿ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಮಾರ್ಪಡುತ್ತದೆ. ಅದನ್ನು ಅತಿ ನವಿರಾದ ಉಕ್ಕಿನ ನಾರಿನಿಂದ ಮೆತ್ತಗೆ ಒರೆಸಿದರೆ ಸಡಿಲ ಪುಡಿ ಹೋಗಿ ಕೆಳಗೆ ಗಟ್ಟಿ ಕಪ್ಪು ಮೈ ಉಳಿಯುತ್ತದೆ. ಹಳೆಯ ಬ್ರಿಟಿಷ್ ಬೇಟೆ ಕೋವಿಗಳಿಗೆ ಬಣ್ಣ ಬರಿಸುತ್ತಿದ್ದದ್ದೂ ಇದೇ ರೀತಿ, ತುಕ್ಕು ಹಿಡಿಸಿ, ಕುದಿಸಿ, ಒರೆಸಿ. ಹಾಗಾಗಿ ಹೊಸ ಬಣ್ಣ ಹಚ್ಚುವ ಅಗತ್ಯವೇ ಬರಲಿಲ್ಲ. ಉಕ್ಕು ಒಂದಿಷ್ಟೂ ಸವೆಯಲಿಲ್ಲ, ಮುದ್ರೆಗಳ ಅಂಚು ಮೊದಲಿಗಿಂತ ಚೆನ್ನಾಗಿ ಕಂಡಿತು. ಹುಡುಗ ಕೇಳಿದ್ದ ಕನ್ನಡಿ ಹೊಳಪು ಬರಲಿಲ್ಲ. ನನಗೆ ಈ ಮಂದ ಕಪ್ಪೇ ಹೆಚ್ಚು ಚೆಂದ ಕಂಡಿತು.

ಮುಂದಿನ ಮರದ ಹಿಂತುದಿಯಲ್ಲಿ ಎಳೆಯಷ್ಟು ಬಿರುಕು ಇತ್ತು. ಅದರ ಕಾರಣ ಆಚಾರ್ರಿಗೆ ಕೂಡಲೇ ತಿಳಿಯಿತು. ಈ ಮಾದರಿಯಲ್ಲಿ ಹಿಂದಿನ ಮರವನ್ನು ಹಿಡಿದಿರುವ ಉದ್ದನೆಯ ತಿರುಪಿನ ಚೌಕ ತುದಿ ಸಾಕೆಟ್ ದಾಟಿ ಮುಂದಿನ ಮರದಲ್ಲಿರುವ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಮೊದಲು ಮುಂದಿನ ಮರ ಬಿಚ್ಚದೆ ಹಿಂದಿನಿಂದ ಆ ತಿರುಪನ್ನು ತಿರುಗಿಸಿದರೆ ಚೌಕ ತುದಿ ಮರವನ್ನು ಸೀಳುತ್ತದೆ. ಹಿಂದೆ ಯಾರೋ ಹಾಗೆ ಮಾಡಿದ್ದರು. ಬಿರುಕಿಗೆ ಅಂಟು ಇಳಿಸಿ, ಒಳಗಿನಿಂದ ತೆಳು ಹಿತ್ತಾಳೆ ಮೊಳೆ ಕೂರಿಸಿದರು. ಹೊರಗಿನಿಂದ ಕಾಣುವುದಿಲ್ಲ.

ಮರಕ್ಕೆ ಮನೆಬಾಗಿಲಿಗೆ ಹಚ್ಚುವ ವಾರ್ನಿಷ್ ಹೊಡೆದಿದ್ದರು. ಅದನ್ನು ದ್ರಾವಕದಿಂದ ಮೆತ್ತಗೆ ಮಾಡಿ ಬಟ್ಟೆಯಿಂದ ಎತ್ತಿದರು. ಉಪ್ಪುಕಾಗದ ಹಾಕಿದರೆ ಹಿಡಿಯ ಚೌಕಳಿ ಕೆತ್ತನೆ ಹೋಗುತ್ತದೆ, ಉಕ್ಕಿಗಿಂತ ಮರ ತಗ್ಗುತ್ತದೆ. ಸಾಕೆಟ್ ಹತ್ತಿರ ಎಣ್ಣೆ ಕುಡಿದು ಕಪ್ಪಾದ ಜಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ದ್ರಾವಕದಲ್ಲಿ ಕಲಸಿ ಮೆತ್ತಿದರು, ಒಣಗುತ್ತ ಅದು ಎಣ್ಣೆ ಹೀರಿಕೊಂಡಿತು. ಆಮೇಲೆ ಅಗಸೆ ಎಣ್ಣೆ, ದಿನಕ್ಕೆ ಒಂದೆರಡು ತೊಟ್ಟು, ಅಂಗೈಯ ಬಿಸಿಯಲ್ಲಿ ತಿಕ್ಕಿ. ಅಕ್ರೋಟು ಮರದ ನಾರು ಹಿಡಿಯ ತಿರುವಿನಲ್ಲಿ ಜೇನುಬಣ್ಣಕ್ಕೆ ಬಂತು.

ಕಾಗದ ಮತ್ತು ಗುಂಡು

ಆಚಾರ್ರ ಲಿಖಿತ ವರದಿ, ಮುದ್ರೆಗಳ ಫೋಟೋ, ಅಚ್ಚಿನ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ, ಇಷ್ಟನ್ನು ಸೇರಿಸಿ ಮನೆಯವರು ಬೋರ್ ತಿದ್ದುಪಡಿಗೆ ಅರ್ಜಿ ಹಾಕಿದರು. ಪೊಲೀಸ್ ಇಲಾಖೆಯಲ್ಲಿ ಆಯುಧ ನೋಡಿಕೊಳ್ಳುವ ಆರ್ಮರರ್ ರೈಫಲನ್ನು ತರಿಸಿ ಸ್ವತಃ ಅಳೆದು ನೋಡಿದ ನಂತರ ದಾಖಲೆಯಲ್ಲಿ 303 ಹೋಗಿ 315 ಬಂತು. ಬಫ್ ಹಾಕಿಸಿದ್ದರೆ ಬಿಎಸ್‌ಎ ಗುರುತು, ಪರೀಕ್ಷಾಲಯದ ಮುದ್ರೆ, ಮೂರು ಕಡೆಯ ನಂಬರ್ ಯಾವುದೂ ಉಳಿಯುತ್ತಿರಲಿಲ್ಲ, ಅರ್ಜಿಗೆ ಆಧಾರವೂ ಇರುತ್ತಿರಲಿಲ್ಲ. ಡಬ್ಬಿಯ ಹಳೆಯ ತೋಟೆಗಳನ್ನು ಹಾರಿಸಲು ಯೋಗ್ಯವಲ್ಲವೆಂದು ಬರೆದು ಠಾಣೆಗೆ ಒಪ್ಪಿಸಿದರು.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ರೈಫಲ್ ಕಾಡಿಗೆ ಹೋಗಿಲ್ಲ, ಹೋಗಬಾರದು ಕೂಡ. ಹಿರಿಯರ ಆಸೆ ಬೇರೆ. ಕೈಲ್ ಪೊಳ್ದಿನ ದಿನ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಒಂದು ಈಡು ಇದರಿಂದಲೇ ಹಾರಿಸಬೇಕು ಎಂದು. ಆಚಾರ್ರು ಅದಕ್ಕೆ ಒಪ್ಪಲಿಲ್ಲ. ಅಂಚಿನ ತೋಟೆಯಲ್ಲಿ ಅಂಚಿಗೂ ಬೋಲ್ಟ್ ತಲೆಗೂ ನಡುವಿನ ಸಂದು ಎಷ್ಟಿದೆ ಎಂಬುದರ ಮೇಲೆ ಹಾರಿಸುವವನ ಕಣ್ಣು ನಿಂತಿದೆ. ಸಂದು ಹೆಚ್ಚಾದರೆ ಕೇಸು ಹಿಂದಕ್ಕೆ ಹಿಗ್ಗಿ ಹರಿಯಬಹುದು. ಅದನ್ನು ನೋಡಲು ಇದೇ ತೋಟೆಯ ಗೇಜ್ (ಸಂದು ಅಳೆಯುವ ಸಾಧನ) ಬೇಕು, 303ರ ಗೇಜ್ ನಡೆಯುವುದಿಲ್ಲ. ಗೇಜ್ ಸಿಕ್ಕಿ ಸಂದು ಸರಿಯಿದೆ ಎಂದಾದರೆ ಮೊದಲ ಗುಂಡು ಸ್ಟ್ಯಾಂಡಿಗೆ ಕಟ್ಟಿ, ದೂರದಿಂದ ಹಗ್ಗ ಎಳೆದು ಹಾರಿಸುವುದು, ಹೊಸ ಕಾರ್ಖಾನೆ ತೋಟೆಯಿಂದ ಮಾತ್ರ. ಇದು ಅವರ ಷರತ್ತು.

ಹಿರಿಯರು ಷರತ್ತು ಒಪ್ಪಿದರು. ಆ ವರ್ಷ ತೆಂಗಿನಕಾಯಿಗೆ ಈಡು ಹೊಡೆದದ್ದು ಮನೆಯ 12 ಬೋರಿನ ಜೋಡಿ ನಳಿಗೆ ಕೋವಿಯಿಂದ. ಗೇಜ್ ತರಿಸುವ ಹೊಣೆಯನ್ನು ಹುಡುಗ ತನ್ನ ಮೇಲೆ ಹಾಕಿಕೊಂಡಿದ್ದಾನೆ.